ಬೈಕಿನಿಂದ ಬಿದ್ದ ಮೇಲೆ ಕೈ ಎತ್ತಲು ಆಗುತ್ತಿಲ್ಲ, ಮೂಳೆ ಮುರಿದಿಲ್ಲ. ಎಷ್ಟು ದಿನ ಕಾಯಬೇಕು?

ತಮ್ಮ ಬಿದ್ದು ಆರು ವಾರವಾಯಿತು, ಬಲಗೈ ಎತ್ತಲು, ಮೊಣಕೈ ಮಡಚಲು ಆಗುತ್ತಿಲ್ಲ, ಬೆರಳು ಮಾತ್ರ ಆಡುತ್ತವೆ, ‘ನರ ಊದಿಕೊಂಡಿದೆ, ತಾನಾಗಿಯೇ ಸರಿಹೋಗುತ್ತೆ’ ಅಂದಿದ್ದಾರೆ ಅಂತ ಬರೆದಿದ್ದೀರಿ. ಸರಿಹೋಗಲೂಬಹುದು. ಆದರೆ ಕಾಯುವುದಕ್ಕೂ ಒಂದು ಗಡುವು ಬೇಕು.

ಕುತ್ತಿಗೆಯ ಬೆನ್ನುಹುರಿಯಿಂದ ಸಿ5, ಸಿ6, ಸಿ7, ಸಿ8, ಟಿ1 ಎಂಬ ಐದು ನರಬೇರುಗಳು ಹೊರಟು, ಕಾಲರ್ ಮೂಳೆಯ ಹಿಂದೆ ಜಡೆಯಂತೆ ಹೆಣೆದುಕೊಂಡು ಕೈಗೆ ಇಳಿಯುತ್ತವೆ. ಇದು ಬ್ರೇಕಿಯಲ್ ಪ್ಲೆಕ್ಸಸ್. ಭುಜ ನೆಲಕ್ಕೆ ಬಡಿದು ತಲೆ ಆಚೆಗೆ ವಾಲಿದರೆ ಎಳೆತವೆಲ್ಲ ಮೇಲಿನ ಸಿ5, ಸಿ6ಕ್ಕೆ. ಕೈ ಎತ್ತುವ ಭುಜದ ಸ್ನಾಯು ಡೆಲ್ಟಾಯ್ಡ್, ಮೊಣಕೈ ಮಡಚುವ ತೋಳಿನ ಸ್ನಾಯು ಬೈಸೆಪ್ಸ್ ನಡೆಯುವುದು ಇವುಗಳಿಂದಲೇ. ಬೆರಳು ನೋಡಿಕೊಳ್ಳುವ ಸಿ8, ಟಿ1 ಉಳಿದಿವೆ ಅನ್ನಿಸುತ್ತದೆ.

ಪ್ರಶ್ನೆ ಇರುವುದು ಏಟು ಎಂಥದ್ದು ಎಂಬುದರಲ್ಲಿ. ನರ ಬರೀ ಜಗ್ಗಿ ಮಂಕಾಗಿದ್ದರೆ ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ಶಕ್ತಿ ಬರತೊಡಗುತ್ತದೆ. ನಡುವೆ ಹರಿದಿದ್ದರೆ ಬೇರೆಡೆಯ ನರದ ತುಂಡು ಇಟ್ಟು ಕಸಿ ಮಾಡಬೇಕು. ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದರೆ ಜೋಡಿಸಲು ತುದಿಯೇ ಇರುವುದಿಲ್ಲ, ಕೆಲಸ ಮಾಡುವ ಬೇರೆ ನರದ ಎಳೆ ತರಬೇಕು. ಇದನ್ನು ಪತ್ತೆಹಚ್ಚಲು ಇಎಂಜಿ (ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ನೋಡುವುದು), ನರವಹನ ಪರೀಕ್ಷೆ (ನರದಲ್ಲಿ ಕರೆಂಟ್ ಹರಿಯುತ್ತದೆಯೇ ಎಂದು ನೋಡುವುದು), ಜೊತೆಗೆ ಪ್ಲೆಕ್ಸಸ್‌ನ ಎಂಆರ್‌ಐ ಬೇಕು. ಬರೀ ಕುತ್ತಿಗೆಯ ಎಂಆರ್‌ಐ ಸಾಲದು. ಮೂರು ವಾರಕ್ಕೆ ಮುಂಚೆ ಮಾಡಿದ ಇಎಂಜಿಯನ್ನು ನಂಬಬೇಡಿ. ಕಡಿದ ನರದ ತುಂಡು ಸಾಯಲು ಸಮಯ ಬೇಕು, ಅಲ್ಲಿಯವರೆಗೆ ಏಟು ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲ.

ರಿಪೋರ್ಟ್ ಓದುವಾಗ ಒಂದು ಎಡವಟ್ಟು ಆಗುತ್ತದೆ. ಹೆಬ್ಬೆರಳು ಮರಗಟ್ಟಿದೆ, ಆದರೆ ಅದರ ಸ್ಪರ್ಶನರದ ಪರೀಕ್ಷೆ ‘ನಾರ್ಮಲ್’ ಅಂತ ಬಂದರೆ ಅದು ಕೆಟ್ಟ ಸುದ್ದಿ. ಸ್ಪರ್ಶನರದ ಜೀವಕೋಶ ಇರುವುದು ಹುರಿಯ ಹೊರಗಿನ ಗಂಟಿನಲ್ಲಿ. ಬೇರು ಆ ಗಂಟಿಗಿಂತ ಒಳಗೆ ಕಿತ್ತಿದ್ದರೆ ಕೆಳಗಿನ ಎಳೆ ಜೀವಂತವಾಗಿಯೇ ಇದ್ದು ಕರೆಂಟ್ ಹರಿಸುತ್ತದೆ, ಮೆದುಳಿಗೆ ಮಾತ್ರ ಏನೂ ಮುಟ್ಟುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಅದೇ ಬದಿಯ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೇಲೆದ್ದಿರುವುದು, ಮರಗಟ್ಟಿದ ಕೈಯಲ್ಲಿ ಉರಿಯೊಂದಿಗೆ ಶಾಕ್ ಹೊಡೆದಂಥ ನೋವು, ಇವೂ ಅದೇ ಕಡೆ ಬೆರಳು ತೋರುತ್ತವೆ.

ಈಗ ಲೆಕ್ಕ ಹಾಕಿ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕುತ್ತಿಗೆ ಬುಡದಿಂದ ಬೈಸೆಪ್ಸ್‌ಗೆ 25 ಸೆಂಟಿಮೀಟರ್ ಅಂದುಕೊಂಡರೂ ಎಂಟು ತಿಂಗಳ ದಾರಿ. ನರವಿಲ್ಲದ ಸ್ನಾಯು 12ರಿಂದ 18 ತಿಂಗಳಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಮೂರನೇ ತಿಂಗಳ ಹೊತ್ತಿಗೂ ಬೈಸೆಪ್ಸ್ ಮಿಸುಕದಿದ್ದರೆ, ಮೂರರಿಂದ ಆರು ತಿಂಗಳೊಳಗೆ ಆಪರೇಷನ್. ಕಿತ್ತುಬಂದಿದೆ ಅಂತ ಖಚಿತವಾದರೆ ಅಷ್ಟೂ ಕಾಯಬೇಕಿಲ್ಲ. ‘ಒಂದು ವರ್ಷ ನೋಡೋಣ’ ಅನ್ನುವ ಸಲಹೆ ನನಗಂತೂ ಒಪ್ಪಿಗೆಯಿಲ್ಲ.

ತಮ್ಮನಂಥವರಿಗೆ ಒಬರ್ಲಿನ್ ವಿಧಾನ ಚೆನ್ನಾಗಿ ಹೊಂದುತ್ತದೆ: ಬೆರಳುಗಳ ಕಡೆ ಹೋಗುವ, ಕೆಲಸ ಮಾಡುತ್ತಿರುವ ಅಲ್ನಾರ್ ನರದ ಒಂದು ಎಳೆ ತೆಗೆದು ತೋಳಿನಲ್ಲೇ ಬೈಸೆಪ್ಸ್‌ನ ನರಕ್ಕೆ ಜೋಡಿಸುತ್ತಾರೆ. ದಾರಿ ಕೆಲವೇ ಸೆಂಟಿಮೀಟರ್ ಆಗುತ್ತದೆ, ಬೆರಳಿನ ಬಲ ಸಾಮಾನ್ಯವಾಗಿ ಕುಂದುವುದಿಲ್ಲ. ಮೂಳೆ ಡಾಕ್ಟರೆಲ್ಲರೂ ಇದನ್ನು ಮಾಡುವುದಿಲ್ಲ. ನರಗಳ ಮೈಕ್ರೋಸರ್ಜರಿ ಮಾಡುವ ಹ್ಯಾಂಡ್ ಅಥವಾ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಈಗಲೇ ಹೋಗಿ.

ಅಲ್ಲಿಯವರೆಗೆ ಎಣ್ಣೆ ತಿಕ್ಕಿ ಬಿಗಿಯಾಗಿ ಪಟ್ಟಿ ಕಟ್ಟಿಸಬೇಡಿ, ಭುಜ ಗಟ್ಟಿ ಹಿಡಿಯುತ್ತದೆ. ನಡೆಯುವಾಗ ಸ್ಲಿಂಗ್ ಇರಲಿ. ದಿನಕ್ಕೆ ಮೂರು ನಾಲ್ಕು ಸಲ ಭುಜ, ಮೊಣಕೈ, ಬೆರಳುಗಳನ್ನು ನೀವೇ ಪೂರ್ತಿ ಆಡಿಸಿ. ಭುಜವನ್ನು ಹೊರಕ್ಕೆ ತಿರುಗಿಸುವುದನ್ನು ಮರೆಯಬೇಡಿ. ಸ್ಪರ್ಶವಿಲ್ಲದ ಜಾಗಕ್ಕೆ ಬಿಸಿನೀರಿನ ಶಾಖ ಬೇಡವೇ ಬೇಡ, ಬೊಬ್ಬೆ ಎದ್ದರೂ ಅವನಿಗೆ ಗೊತ್ತಾಗದು.

ಎರಡು ವಾರಕ್ಕೊಮ್ಮೆ ಹೀಗೆ ನೋಡಿ: ಭುಜದ ಎತ್ತರದ ಮೇಜಿನ ಮೇಲೆ ತೋಳನ್ನಿಟ್ಟು, ಪೌಡರ್ ಉದುರಿಸಿ, ಮುಂಗೈಯನ್ನು ಜಾರಿಸುತ್ತಾ ಮಡಚಲು ಹೇಳಿ. ಎರಡು ಬೆರಳನ್ನು ಬೈಸೆಪ್ಸ್ ಮೇಲಿಟ್ಟಿರಿ. ಕೈ ಸರಿಯುವುದಕ್ಕಿಂತ ಬೆರಳಡಿ ಸ್ನಾಯು ಬಿಗಿಯಾಯಿತೇ ಎನ್ನುವುದು ಮುಖ್ಯ. ತಾರೀಖು ಹಾಕಿ ವಿಡಿಯೊ ಮಾಡಿಟ್ಟುಕೊಳ್ಳಿ, ಸರ್ಜನ್‌ಗೆ ತೋರಿಸಲು ಬೇಕಾಗುತ್ತದೆ.