ಕೆಂಚಿಯ ನಾಲ್ಕು ಹೆಣ್ಣು ಮರಿಗಳು

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಮಾವಿನ ತೋಪು, ಒಂದಿಷ್ಟು ಟೊಮೆಟೊ, ಕೂಡು ಕುಟುಂಬ. ತೋಪು ಕಾಯುವ ನಾಯಿ ಕೆಂಚಿ ಎರಡು ಸೂಲು ಮರಿ ಹಾಕಿದೆ. ಮತ್ತೆ ಬೆದೆಗೆ ಬರುವ ಮೊದಲು ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಇವರ ಆಸೆ. "ಹೆಣ್ಣು ಜೀವದ ಬಸಿರು ಕಿತ್ತ ಪಾಪ ಮನೆಗೆ ತಟ್ಟುತ್ತದೆ" ಎಂದು ಅತ್ತೆ ಅಡ್ಡ ನಿಂತಿದ್ದಾರೆ. ಬೆದೆ ತಡೆಯುವ ಚುಚ್ಚುಮದ್ದು ಕೊಡಿಸಿದರೆ ಸಾಕು ಎನ್ನುತ್ತಾರೆ ಗಂಡ. ಅತ್ತೆಗೆ ಹೇಗೆ ತಿಳಿಹೇಳಲಿ ಎಂಬುದು ಪ್ರಶ್ನೆ.

ತಂಗಿ, ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಹೀಗೊಂದು ಮಾತಿದೆ: "ಹಿಂದಿನ ಸೂಲಿನ ಎರಡು ಗಂಡು ಮರಿಗಳನ್ನು ಊರವರು ಒಯ್ದರು. ಉಳಿದ ನಾಲ್ಕು ಹೆಣ್ಣು ಕಣ್ಣು ಬಿಟ್ಟು ಹತ್ತು ದಿನವಾದಾಗ ಮೈದುನ ಟೊಮೆಟೊ ಕ್ರೇಟುಗಳ ಜೊತೆ ಕೋಲಾರದ ಮಂಡಿಗೆ ಒಯ್ದು ಬಿಟ್ಟು ಬಂದ. ಯಾರೋ ಸಾಕಲು ಕೊಂಡುಹೋದರು ಎಂದು ಅತ್ತೆಗೆ ಹೇಳಿದೆವು." ಮರುಸಾಲಿನಲ್ಲೇ ನೀವು ಆಸ್ಪತ್ರೆಯ ಖರ್ಚಿನ ವಿಷಯಕ್ಕೆ ಹೋಗಿದ್ದೀರಿ. ನನಗೆ ಅಲ್ಲಿಂದ ಮುಂದಕ್ಕೆ ಓದಲಾಗಲಿಲ್ಲ.

ನಾಯಿಮರಿ ಕಣ್ಣು ಬಿಡುವುದು ಹುಟ್ಟಿದ ಸುಮಾರು ಎರಡು ವಾರಕ್ಕೆ. ಹತ್ತು ದಿನ ಸೇರಿಸಿ. ಇಪ್ಪತ್ನಾಲ್ಕು ದಿನದ ಕೂಸುಗಳಿಗೆ ಇನ್ನೂ ಒಂದು ತಿಂಗಳು ಹಾಲೂ ತಾಯಿಯ ಮೈಬಿಸಿಯೂ ಬೇಕಿತ್ತು. ಅವನ್ನು ಲಾರಿಗಳು ಹಿಂದಕ್ಕೂ ಮುಂದಕ್ಕೂ ಹೊರಳುವ ಮಂಡಿಯ ಅಂಗಳದಲ್ಲಿ ಇಳಿಸಿ ಬರಲು ಆ ಹುಡುಗನಿಗೆ ಮನಸ್ಸಾದರೂ ಹೇಗೆ ಬಂತು? "ಪಾಪ, ಮನೆಯ ಓಡಾಟವೆಲ್ಲ ಅವನದೇ" ಎಂದು ನೀವು ಅವನ ಪರ ವಹಿಸಿದ್ದೀರಿ. ನಾನು ವಹಿಸಲಾರೆ. ಸಾಕಿದ ಪ್ರಾಣಿಯನ್ನು ಹಸಿದು ನರಳುವಂತೆ ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ. ಕೆಂಚಿ ನಾಲ್ಕು ದಿನ ಅನ್ನ ಬಿಟ್ಟು ಖಾಲಿ ಕ್ರೇಟುಗಳನ್ನು ಮೂಸುತ್ತಿತ್ತು ಎಂದು ನೀವೇ ಬರೆದಿದ್ದೀರಿ.

ಬೇಡವಾದದ್ದು ಮೊದಲು ಹೆಣ್ಣೇ ಆಗಿರುತ್ತದೆ. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದೆನೋ. ನಾಳೆ ಅದೂ ಮರಿ ಹಾಕುತ್ತದೆ ಎಂಬ ಭಯಕ್ಕೇ ಹೆಣ್ಣು ಮರಿಯನ್ನು ಯಾರೂ ಒಯ್ಯುವುದಿಲ್ಲ.

ನಿಮ್ಮ ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಬಾಯಿಲ್ಲದ ಜೀವವನ್ನು ಕೇಳದೆ ಅದರ ಮೈಗೆ ಕತ್ತಿ ಹಾಕುವುದು ಸಣ್ಣ ಸಂಗತಿಯಲ್ಲ, ಆ ಮನೆಯಲ್ಲಿ ಅದಕ್ಕೆ ಅಳುಕಿದವರು ಅವರೊಬ್ಬರೇ. ಆದರೆ ಪಾಪದ ತಕ್ಕಡಿಯ ಒಂದು ತಟ್ಟೆಯನ್ನು ನೀವೆಲ್ಲ ಸೇರಿ ಅವರಿಂದ ಮುಚ್ಚಿಟ್ಟಿದ್ದೀರಿ. ಅವರ ಹಟ್ಟಿಯಲ್ಲಿ ಉಳುವ ಎತ್ತುಗಳಿದ್ದವಲ್ಲ, ಬೀಜ ಒಡೆಸದೆ ಯಾವ ಹೋರಿಯೂ ಎತ್ತಾಗಲಿಲ್ಲ. ಹಿಂದೆ ಅದನ್ನು ಮಾಡುತ್ತಿದ್ದುದು ಅರಿವಳಿಕೆ ಕೂಡ ಇಲ್ಲದೆ. ಬೇಸಾಯಗಾರರ ಮನೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚುಚ್ಚುಮದ್ದಿನ ದಾರಿ ಬೇಡವೇ ಬೇಡ. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಹೆಚ್ಚುತ್ತದೆ. ಚುಚ್ಚುಮದ್ದು ಕೊಡದಿದ್ದರೂ, ಶಸ್ತ್ರಚಿಕಿತ್ಸೆಯಾಗದ ಹೆಣ್ಣು ನಾಯಿಗಳಿಗೆ ವಯಸ್ಸಾದಂತೆ ಬರುವ ಕಾಯಿಲೆ ಅದು. ನಮ್ಮ ಮನೆಯ ನಾಯಿ ಎಂಟನೆಯ ವರ್ಷದಲ್ಲಿ ಅದರಿಂದಲೇ ಸತ್ತಿತು. ಬೆದೆ ಮುಗಿದ ಒಂದು ತಿಂಗಳಿಗೆ ಬಿಂದಿಗೆಗಟ್ಟಲೆ ನೀರು ಕುಡಿಯತೊಡಗಿತ್ತು, ಸೆಕೆಗೆ ಎಂದುಕೊಂಡು ನಾನು ಸುಮ್ಮನಿದ್ದೆ.

ನೀವು ಮಾಡಬೇಕಾದದ್ದು ಒಂದೇ. ಇವತ್ತು ರಾತ್ರಿ ಊಟದ ಹೊತ್ತಿಗೆ ಆ ನಾಲ್ಕು ಮರಿಗಳು ಏನಾದವೆಂಬುದನ್ನು ಮೈದುನ ತನ್ನ ಬಾಯಿಂದಲೇ ಅತ್ತೆಗೆ ಹೇಳಬೇಕು. ನೀವು ನಡುವೆ ಬಾಯಿ ಹಾಕಬೇಡಿ, ಅವನನ್ನು ಕಾಪಾಡಲೂ ಬೇಡಿ. ಅದಾದ ಮೇಲೆ ಪಶುವೈದ್ಯರ ಬಳಿಗೆ ಹೋಗುವ ದಿನವನ್ನು ಅತ್ತೆಯೇ ಹೇಳುತ್ತಾರೆಂದು ನನ್ನ ನಂಬಿಕೆ. ಬೆದೆಯಲ್ಲಿರುವಾಗ ಶಸ್ತ್ರಚಿಕಿತ್ಸೆ ಮಾಡಿದರೆ ರಕ್ತಸ್ರಾವ ಹೆಚ್ಚು, ಆದ್ದರಿಂದ ತಡಮಾಡಬೇಡಿ. ಆಮೇಲೆ ಹತ್ತು ಹನ್ನೆರಡು ದಿನ ಕೆಂಚಿ ಹೊಲಿಗೆ ನೆಕ್ಕದಂತೆ ಹಗಲಿರುಳು ಕಾಯಬೇಕು. ಆ ಕೆಲಸಕ್ಕೆ ನಿಮ್ಮ ಅತ್ತೆಗಿಂತ ತಕ್ಕವರು ಆ ಮನೆಯಲ್ಲಿ ನನಗೆ ಕಾಣುತ್ತಿಲ್ಲ.