ಕಾಣಿಕೆ ಡಬ್ಬಿಯ ಲೆಕ್ಕ ಯಾರ ಹತ್ತಿರ?

ಸಕಲೇಶಪುರದ ಕಡೆಯ ಓದುಗರೊಬ್ಬರ ಪತ್ರ: 'ನಾವು ಕ್ರೈಸ್ತರು. ನಮ್ಮ ಭಾವ ಈ ವರ್ಷ ಮೆಣಸು ಮಾರಿದ ದುಡ್ಡಲ್ಲಿ ಒಂದು ಪಾಲನ್ನು ಹೊಸ ಪ್ರಾರ್ಥನಾ ಕೂಟಕ್ಕೆ "ಬೀಜ" ಅಂತ ಕೊಟ್ಟರು. ನೂರು ಪಟ್ಟು ವಾಪಸ್ ಬರುತ್ತದಂತೆ. ಎಲೆಕ್ಷನ್ ಹೊತ್ತಲ್ಲಿ ಅದೇ ವೇದಿಕೆಯಲ್ಲಿ ಅಭ್ಯರ್ಥಿಗೆ ಶಾಲು ಹೊದಿಸಿದರು. ಇದು ದಡ್ಡತನ ಅಂದೆ. ಅಕ್ಕ ಮಾತು ಬಿಟ್ಟಿದ್ದಾಳೆ. ಮಠಗಳ ಬಗ್ಗೆ ಬರೆಯುವ ನೀವು ಇದರ ಬಗ್ಗೆ ಯಾಕೆ ಸುಮ್ಮನಿದ್ದೀರಿ?'

ಸಂಪಾದಕರ ಉತ್ತರ:

ತಾಯೀ, ನಿಮ್ಮ ಸಿಟ್ಟು ಸರಿ. ಆದರೆ ಭಾವನನ್ನು ದಡ್ಡ ಅಂದಿದ್ದು ಸರಿಯಲ್ಲ. ಮಳೆ ಜಾಸ್ತಿಯಾದರೆ ಸೊರಗು ರೋಗ, ಉಳಿದ ಬಳ್ಳಿಗೆ ಆನೆ ಕಾಟ. ಮೇಲೆ ಸೊಸೈಟಿ ಸಾಲ, ಆಸ್ಪತ್ರೆ ಬಿಲ್ಲು. ಇಂಥವರ ತಲೆ ಮೇಲೆ ಕೈಯಿಟ್ಟು, ಹೆಸರು ಹಿಡಿದು, ಕಣ್ಣೀರು ಹಾಕಿ ಪ್ರಾರ್ಥಿಸುವವರು ಸಿಕ್ಕರೆ ಯಾರಾದರೂ ಕರಗುತ್ತಾರೆ. ಬ್ಯಾಂಕಿನವರು ಅವರನ್ನು ಹೆಸರು ಹಿಡಿದು ಕರೆಯುವುದು ನೋಟಿಸ್ ಕೊಡುವಾಗ ಮಾತ್ರ. ಇಂಥ ಕೂಟಗಳಿಗೆ ಹೋಗಿ ಕುಡಿತ ಬಿಟ್ಟವರನ್ನು ನಾನೂ ನೋಡಿದ್ದೇನೆ. ಇಲ್ಲ ಅನ್ನುವುದಿಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಈ 'ಬೀಜ' ನಮ್ಮ ಮಣ್ಣಿನದ್ದಲ್ಲ, ಅಮೆರಿಕದ ಟಿವಿಯಿಂದ ಬಂದದ್ದು. ದುಡ್ಡನ್ನು ಬೀಜ ಮಾಡಿ ಬಿತ್ತಲು ಹೇಳಿಕೊಟ್ಟವರಲ್ಲಿ ದೊಡ್ಡ ಹೆಸರು ಓರಲ್ ರಾಬರ್ಟ್ಸ್. 1987ರಲ್ಲಿ ಆತ ಟಿವಿಯಲ್ಲಿ ಕೂತು, ಮಾರ್ಚ್ ಒಳಗೆ 80 ಲಕ್ಷ ಡಾಲರ್ ಸೇರದಿದ್ದರೆ ದೇವರು ನನ್ನನ್ನು ಕರೆದುಕೊಂಡುಬಿಡುತ್ತಾನೆ ಎಂದ. ದುಡ್ಡು ಸೇರಿತು. ಕೊನೆಯ 13 ಲಕ್ಷ ಕೊಟ್ಟವನು ಯಾರು ಗೊತ್ತೇ? ಫ್ಲೋರಿಡಾದಲ್ಲಿ ನಾಯಿ ಓಟದ ಜೂಜಿನ ಮೈದಾನ ಇಟ್ಟುಕೊಂಡಿದ್ದವನು! ಅದೇ ಕಾಲದ ಜಿಮ್ ಬೇಕರ್ ಭಕ್ತರಿಗೆ ಮೋಸ ಮಾಡಿ 1989ರಲ್ಲಿ ಜೈಲಿಗೆ ಹೋದ. ಬೈಬಲನ್ನು ಮೊದಲಿಂದ ಕೊನೆಯವರೆಗೆ ಓದಿದ್ದು ಅಲ್ಲೇ ಅಂತೆ. ಆತನೇ ಹೇಳಿಕೊಂಡದ್ದು. 2007ರಲ್ಲಿ ಅಲ್ಲಿನ ಸೆನೆಟರ್ ಗ್ರಾಸ್ಲಿ ಆರು ಟಿವಿ ಬೋಧಕರ ಲೆಕ್ಕ ಕೇಳಿದರು. ಕೆಲವರು ಪೂರ್ತಿ ಕೊಡಲೇ ಇಲ್ಲ. 2011ರಲ್ಲಿ ವರದಿ ಬಂತು, ಯಾರಿಗೂ ದಂಡ ಬೀಳಲಿಲ್ಲ. ಆ ಆರರಲ್ಲಿ ಒಬ್ಬರಾದ ಪೌಲಾ ವೈಟ್ 2017ರಲ್ಲಿ ಟ್ರಂಪ್ ಪ್ರಮಾಣ ವಚನದ ದಿನ ಪ್ರಾರ್ಥನೆ ಮಾಡಿದರು. ಇನ್ನೊಬ್ಬ ಬೆನ್ನಿ ಹಿನ್ 2005ರಲ್ಲಿ ಬೆಂಗಳೂರಿನ ಜಕ್ಕೂರಿಗೇ ಬಂದಿದ್ದ. ಎಷ್ಟು ಗಲಾಟೆ ಆಯಿತು, ನೆನಪಿರಬಹುದು. 2019ರಲ್ಲಿ ಅದೇ ಮನುಷ್ಯ, ಇದೆಲ್ಲ ಸಾಕಾಗಿದೆ, ಸುವಾರ್ತೆ ಮಾರಾಟಕ್ಕಿಲ್ಲ ಅಂದ. ಹಳೇ ಬೀಜ ಬಿತ್ತಿದವರಿಗೆ ವಾಪಸ್ ಎಷ್ಟು ಬಂತೋ!

ಬೋಧಕರು ಸಾಮಾನ್ಯವಾಗಿ ಬಡ ವಿಧವೆಯ ಎರಡು ಕಾಸಿನ ಕತೆ ಹೇಳಿ ದುಡ್ಡು ಕೇಳುತ್ತಾರೆ. ಮಾರ್ಕನ ಸುವಾರ್ತೆ, 12ನೇ ಅಧ್ಯಾಯ. ಭಾವನ ಕೈಗೆ ಆ ಪುಟ ಕೊಟ್ಟು, ಆ ಕತೆಗಿಂತ ಸ್ವಲ್ಪ ಮೇಲಿನಿಂದ ಓದಲು ಹೇಳಿ. ಉದ್ದ ಪ್ರಾರ್ಥನೆ ಮಾಡಿ ವಿಧವೆಯರ ಮನೆ ನುಂಗುವವರ ಬಗ್ಗೆ ಯೇಸು ಅಲ್ಲಿ ಏನು ಹೇಳಿದ್ದಾನೆ ನೋಡಲಿ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಮೈಕಿನಲ್ಲಿ ಕೇಳಿಸುವುದು ಮಾತ್ರ ಎರಡನೆಯದು.

ನಮ್ಮ ಹಾಸನದ ಕ್ರೈಸ್ತರಿಗೆ ಬೇರೆ ಹಿರಿಯರಿದ್ದರು, ತಾಯೀ. ಫ್ರಾನ್ಸಿನ ಪಾದ್ರಿ ದುಬ್ವಾ, ಜನ 'ದೊಡ್ಡ ಸ್ವಾಮಿಯವರು' ಅನ್ನುತ್ತಿದ್ದರು, ಇಲ್ಲೇ ಸಾತಳ್ಳಿಯಲ್ಲಿ ಬಡ ಕ್ರೈಸ್ತರನ್ನು ಸೇರಿಸಿ ಬೇಸಾಯಕ್ಕೆ ಹಚ್ಚಿದರು. ನಿಜವಾದ ಬೀಜ, ನಿಜವಾದ ಹೊಲ. 1803-04ರಲ್ಲಿ ಸಿಡುಬಿನ ಲಸಿಕೆ ಹಾಕಿಸಿದರು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರದ್ದು ದಾಖಲೆಯಲ್ಲಿದೆ. ನನಗೆ ಇಷ್ಟವಾಗುವುದು ಆ ದಾಖಲೆ. ದುಬ್ವಾ ನಮ್ಮ ಜನರ ಬಗ್ಗೆ ಬರೆದದ್ದೆಲ್ಲ ನನಗೆ ಒಪ್ಪಿಗೆಯಿಲ್ಲ, ಕೆಲವು ಪುಟ ಓದಿದರೆ ಮೈ ಉರಿಯುತ್ತದೆ. ಆದರೆ ಮನುಷ್ಯ ಲೆಕ್ಕ ಇಟ್ಟ. ಆಮೇಲೆ ಹಾಸನದ ಮಿಷನ್ ಆಸ್ಪತ್ರೆಯಲ್ಲಿ ಎಲ್ಲ ಜಾತಿಯವರ ಮಕ್ಕಳೂ ಹುಟ್ಟಿದರು. ಅಲ್ಲಿ ಯಾರಿಗೂ ನೂರು ಪಟ್ಟಿನ ಮಾತು ಹೇಳಿರಲಿಲ್ಲ.

ನಾನು ಮಠಕ್ಕೂ ಹೇಳುವುದು ಇದೊಂದೇ, ದರ್ಗಾಕ್ಕೂ ಇದೇ, ಕೂಟಕ್ಕೂ ಇದೇ: ಬಂದದ್ದೆಷ್ಟು, ಹೋದದ್ದೆಲ್ಲಿ, ಬರೆದು ಬಾಗಿಲಿಗೆ ಅಂಟಿಸಿ. ವಿದೇಶದಿಂದ ಹಣ ಪಡೆಯುವ ಸಂಸ್ಥೆ 2010ರ ಕಾಯ್ದೆ ಪ್ರಕಾರ ಪ್ರತಿ ವರ್ಷ ಕೇಂದ್ರ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಡಾಲರಿಗೆ ಇರುವ ಮರ್ಯಾದೆ ನಿಮ್ಮ ಭಾವನ ಮೆಣಸಿನ ದುಡ್ಡಿಗೆ ಬೇಡವೇ? ರಸೀದಿ ಕೇಳಿದರೆ 'ವಿಶ್ವಾಸ ಕಮ್ಮಿ' ಅನ್ನುವವರ ಹತ್ತಿರ ಎರಡನೇ ಸಲ ಹೋಗಬಾರದು.

ಇನ್ನು ರಾಜಕೀಯ. ಮತಾಂತರ ತಡೆಯಲು ಅಂತ 2022ರಲ್ಲಿ ಇಲ್ಲಿ ಕಾನೂನು ಬಂತು. 2023ರಲ್ಲಿ ಹೊಸ ಮಂತ್ರಿಮಂಡಲ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಕ್ರೈಸ್ತರು ಆಮಿಷ ಕೊಡುತ್ತಾರೆ ಅಂತ ಒಂದು ಕಡೆಯವರು ಕೂಗಿದರು, ಇಲ್ಲ ಅಂತ ಇನ್ನೊಂದು ಕಡೆಯವರು. ಬಡವರಿಂದ ಇಸಿದುಕೊಳ್ಳುವುದರ ಬಗ್ಗೆ ಇಬ್ಬರೂ ಬಾಯಿ ಬಿಡಲಿಲ್ಲ. ಅದು ಇಬ್ಬರಿಗೂ ಬೇಡದ ವಿಷಯ, ಅಲ್ವಾ? ಕೂಟದವರಿಗೆ ಸೈಟು ಬೇಕು, ಲೈಸೆನ್ಸು ಬೇಕು, ರಕ್ಷಣೆಯೂ ಬೇಕು. ಪಾಪ, 2008ರಲ್ಲಿ ಚರ್ಚುಗಳ ಮೇಲೆ ಕಲ್ಲು ಬಿದ್ದದ್ದನ್ನು ಅವರು ಹೇಗೆ ಮರೆಯುತ್ತಾರೆ? ಅಭ್ಯರ್ಥಿಗೆ ಬೇಕಾಗಿರುವುದು ಒಟ್ಟಿಗೆ ಕೂತ ಜನ. ಧರ್ಮದ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಮತದಾರನ ಧರ್ಮವೂ ಅದರಲ್ಲಿ ಸೇರುತ್ತದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರಲ್ಲಿ ಹೇಳಿತು. ಅದಕ್ಕೇ ಈಗ ಯಾರೂ ಮತ ಕೇಳುವುದಿಲ್ಲ. ಸುಮ್ನೆ ಶಾಲು ಹೊದಿಸಿ 'ಇವರು ನಮ್ಮವರು' ಅನ್ನುತ್ತಾರೆ, ಅಷ್ಟೆ.

ನಮ್ಮ ಕಚೇರಿಗೆ ಇಂಥ ಎಲ್ಲ ಧರ್ಮದ ಸಭೆಗಳ ಕರಪತ್ರ ಬರುತ್ತವೆ, ಬಣ್ಣ ಬಣ್ಣದ್ದು. ಖರ್ಚಿನ ಪಟ್ಟಿ ಇಲ್ಲಿಯವರೆಗೆ ಒಂದೂ ಬಂದಿಲ್ಲ. ನಿಮ್ಮ ಭಾವನ ಕೂಟದವರು ಕಳಿಸಿದರೆ ಇದೇ ಪುಟದಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ. ಜಾಹೀರಾತು ದರ ತೆಗೆದುಕೊಳ್ಳುವುದಿಲ್ಲ.