ಸ್ಯಾಂಡಿ ಡೆನ್ನಿ ಅವರ 1971ರ ಆಲ್ಬಂ: ಬಿಡಬೇಡಿ, ಇನ್ನೊಮ್ಮೆ ಕೇಳಿ

ಇಂಗ್ಲೆಂಡಿನ ಜನಪದ-ರಾಕ್ ತಂಡ ಫೇರ್‌ಪೋರ್ಟ್ ಕನ್ವೆನ್ಷನ್‌ನ 'ಲೀಜ್ ಅಂಡ್ ಲೀಫ್' ಆಲ್ಬಂ ತುಂಬಾ ಹಿಡಿಸಿತು, ಆದರೆ ಅದರಲ್ಲಿ ಹಾಡಿದ ಸ್ಯಾಂಡಿ ಡೆನ್ನಿ ಆಮೇಲೆ ಒಬ್ಬರೇ ಮಾಡಿದ 'ದಿ ನಾರ್ತ್ ಸ್ಟಾರ್ ಗ್ರಾಸ್‌ಮನ್ ಅಂಡ್ ದಿ ರೇವನ್ಸ್' ಮಂಕಾಗಿದೆ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಖಂಡಿತ ಬಿಡಬೇಡಿ.

ಎರಡೂ ಬೇರೆ ಥರದ ರೆಕಾರ್ಡುಗಳು. 1969ರ 'ಲೀಜ್ ಅಂಡ್ ಲೀಫ್'ನಲ್ಲಿ ಹಳೆಯ ಜನಪದ ಹಾಡುಗಳೇ ಜಾಸ್ತಿ, ಅವು ಕಥೆ ಹೇಳುತ್ತಾ ಓಡುತ್ತವೆ, ಡೇವ್ ಸ್ವಾರ್ಬ್ರಿಕ್ ಪಿಟೀಲು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. 'ನಾರ್ತ್ ಸ್ಟಾರ್'ನಲ್ಲಿ ಹೆಚ್ಚಿನವು ಸ್ಯಾಂಡಿ ಅವರೇ ಬರೆದವು. ಸಮುದ್ರ, ಹಡಗು, ದೂರ ಹೋದವರು ಎಲ್ಲ ಬರುತ್ತಾರೆ, ಆದರೆ ಯಾರ ಕಥೆ ಅಂತ ಬಿಡಿಸಿ ಹೇಳುವುದಿಲ್ಲ. 'ನೆಕ್ಸ್ಟ್ ಟೈಮ್ ಅರೌಂಡ್' ಅವರ ಹಳೆಯ ಗೆಳೆಯ, ಗಾಯಕ ಜಾಕ್ಸನ್ ಸಿ. ಫ್ರಾಂಕ್ ಬಗ್ಗೆ ಅಂತ ಗೊತ್ತಾದ ಮೇಲೆ ಅದನ್ನು ಮತ್ತೆ ಕೇಳಿ, ಹ್ಯಾರಿ ರಾಬಿನ್ಸನ್ ಕೂಡಿಸಿದ ತಂತಿವಾದ್ಯಗಳು ಆಗ ಎದೆಗೇ ತಾಗುತ್ತವೆ.

'ಲೇಟ್ ನವೆಂಬರ್'ನಿಂದ ಶುರು ಮಾಡಿ, ಆಮೇಲೆ 'ಬ್ಲ್ಯಾಕ್‌ವಾಟರ್‌ಸೈಡ್'. ಅದು ಜನಪದ ಹಾಡು, ನಿಮಗೆ ಸಲೀಸಾಗಿ ಹತ್ತುತ್ತದೆ, ಫೇರ್‌ಪೋರ್ಟ್‌ನಲ್ಲಿ ಅವರ ಜೊತೆಗಿದ್ದ ರಿಚರ್ಡ್ ಥಾಂಪ್ಸನ್ ಗಿಟಾರೂ ಇದೆ. 'ಲೆಟ್ಸ್ ಜಂಪ್ ದಿ ಬ್ರೂಮ್‌ಸ್ಟಿಕ್' ಬಿಟ್ಟರೂ ನಡೆಯುತ್ತದೆ, ಆ ರಾಕ್ ಅಂಡ್ ರೋಲ್ ಇಲ್ಲಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಸ್ಯಾಂಡಿ 1978ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು. ಹಾಗಾಗಿ ಈಗ ಕೇಳುವವರು ಪ್ರತಿ ಸಾಲಿನಲ್ಲೂ ಸಾವನ್ನೇ ಹುಡುಕುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಇದನ್ನು ಹಾಡಿದಾಗ ಅವರಿಗೆ 24, ದನಿ ಪೂರ್ತಿ ಅವರ ಹಿಡಿತದಲ್ಲಿತ್ತು. ಸಾಲಿನ ಕೊನೆಯಲ್ಲಿ ಸ್ವರವನ್ನು ಹೇಗೆ ಬಾಗಿಸುತ್ತಾರೆ ನೋಡಿ. ಆಮೇಲೂ ಮಂಕು ಅನಿಸಿದರೆ 1972ರ 'ಸ್ಯಾಂಡಿ' ಹಾಕಿ, ಅದರ ಧ್ವನಿ ಇನ್ನೂ ತಿಳಿಯಾಗಿದೆ.